ಆ ಹಾಳೆಗಳನ್ನು ಎಸೆದಿದ್ದಕ್ಕೆ

ಕೂಸೇ,

ಇದನ್ನು ಬಾಯಲ್ಲೇ ಹೇಳೋಣ ಅಂತ ಮೂರು ದಿನದಿಂದ ಹೊಂಚುತ್ತಿದ್ದೇನೆ. ಮಾತು ಶುರುವಾದರೆ ನಾನು ದನಿ ಏರಿಸುತ್ತೇನೆ, ನೀನು ರೂಮಿನ ಬಾಗಿಲು ಹಾಕಿಕೊಳ್ಳುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆದರೆ ನೀನು ನಿಧಾನವಾಗಿ ಓದಲೇಬೇಕು, ಅದೂ ನನಗೊಂದು ಲಾಭ. ಒತ್ತಕ್ಷರ ತೊಡಕಾದರೆ ಅಮ್ಮನ್ನ ಕೇಳು.

ಹೋದ ಶನಿವಾರ ಗರಾಜ್ ಗುಡಿಸುವಾಗ ನಿನ್ನ ಡ್ರಾಯಿಂಗ್ ಹಾಳೆಗಳನ್ನು ರೀಸೈಕ್ಲಿಂಗ್ ಡಬ್ಬಿಗೆ ಹಾಕಿದ್ದು ನಾನೇ. ಗಾಳಿಗೆ ಹಾರಿ ಹೋಗಿರಬೇಕು ಅಂದೆನಲ್ಲ, ಅದು ಸುಳ್ಳು. ಹದಿನಾಲ್ಕೋ ಹದಿನೈದೋ ಇದ್ದವು. ಒಂದರಲ್ಲಿ ತೂಕದ ಯಂತ್ರ ಅರ್ಧಕ್ಕೇ ನಿಂತಿತ್ತು. ಇನ್ನೊಂದರಲ್ಲಿ ನೀನು ಸೂಟ್‌ಕೇಸಿನ ಹಿಡಿಯನ್ನೇ ಆರು ಸಲ ಬರೆದು ಮೇಲೆ ಗೀಚಿದ್ದೆ. ಮತ್ತೊಂದರ ತುಂಬಾ ಚಾರ್ಕೋಲ್ ಬಳಿದುಹೋಗಿತ್ತು. ಇದೆಲ್ಲ ಕೆಟ್ಟುಹೋದದ್ದು, ಚೆನ್ನಾಗಿರೋದನ್ನು ಇವಳು ಮೇಲೆ ಇಟ್ಟುಕೊಂಡಿರುತ್ತಾಳೆ ಅಂದುಕೊಂಡೆ. ಸೋಮವಾರ ಬೆಳಿಗ್ಗೆ ಲಾರಿ ಬಂದು ತೆಗೆದುಕೊಂಡು ಹೋಯಿತು.

ಗುರುವಾರ ಸಂಜೆ ನಿಮ್ಮ ಶಾಲೆಯಲ್ಲಿ ಪೋಷಕರ ಸಭೆ ಇತ್ತಲ್ಲ. ನಿಮ್ಮ ಡ್ರಾಯಿಂಗ್ ಮೇಡಂ ನಮಗೆಲ್ಲ ಒಂದೊಂದು ಹಾಳೆ ಕೊಟ್ಟು ಎಪಿ ಡ್ರಾಯಿಂಗ್, ಅಂದರೆ ಹೈಸ್ಕೂಲಿನಲ್ಲೇ ಕಲಿಯುವ ಕಾಲೇಜು ಮಟ್ಟದ ಡ್ರಾಯಿಂಗ್ ಕೋರ್ಸ್, ಹೇಗಿರುತ್ತದೆ ಅಂತ ವಿವರಿಸಿದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುತ್ತಾ ಹೋದ ಹಾಗೆ ಬೆವರತೊಡಗಿದೆ.

ಪರೀಕ್ಷೆಯೇ ಇಲ್ಲವಂತೆ. ಮೂರು ಗಂಟೆ ಕುಳಿತು ಬರೆಯುವುದಿಲ್ಲ, ಮೇ ತಿಂಗಳ ಶುರುವಿನಲ್ಲಿ ಪೋರ್ಟ್‌ಫೋಲಿಯೊ, ಅಂದರೆ ಮಾಡಿದ ಕೆಲಸಗಳ ಸಂಗ್ರಹ, ಅಪ್‌ಲೋಡ್ ಮಾಡುವುದು, ಅಷ್ಟೇ. ಅದರಲ್ಲಿ ಎರಡು ಭಾಗ. ನಿನ್ನ ಕೈಚಳಕ ತೋರಿಸುವ ಒಳ್ಳೆಯ ಐದು ಕೃತಿಗಳು ಸೆಲೆಕ್ಟೆಡ್ ವರ್ಕ್ಸ್. ಅದಕ್ಕೆ 40 ಶೇಕಡಾ. ನಾನು ಇಡೀ ಕೋರ್ಸೇ ಅದು ಅಂದುಕೊಂಡಿದ್ದೆ. ಉಳಿದ 60 ಶೇಕಡಾ ಇರುವುದು ಸಸ್ಟೇನ್ಡ್ ಇನ್ವೆಸ್ಟಿಗೇಶನ್‌ಗೆ. ಅಂದರೆ ಒಂದು ಪ್ರಶ್ನೆ ಹಿಡಿದು ತಿಂಗಳುಗಟ್ಟಲೆ ಅದರ ಬೆನ್ನು ಹತ್ತಬೇಕು, 15 ಇಮೇಜುಗಳಲ್ಲಿ ಅದನ್ನು ತೋರಿಸಬೇಕು. ಆ 15ರಲ್ಲಿ ಮುಗಿದ ಚಿತ್ರಗಳ ಜೊತೆ ಅರ್ಧ ಮಾಡಿದ್ದು, ತಿದ್ದಿದ್ದು, ಪ್ರಯೋಗ ಮಾಡಿ ನೋಡಿದ್ದು ಕೂಡ ಬರಬಹುದು. ಅಭ್ಯಾಸ, ಪ್ರಯೋಗ, ತಿದ್ದುಪಡಿ, ಈ ಮೂರೂ ಕಣ್ಣಿಗೆ ಕಾಣಬೇಕಂತೆ. "ಮಕ್ಕಳು ಕೆಟ್ಟುಹೋಯಿತು ಅನ್ನುವ ಹಾಳೆಗಳನ್ನು ದಯವಿಟ್ಟು ಎಸೆಯಲು ಬಿಡಬೇಡಿ" ಅಂದರು ಮೇಡಂ. ಪಕ್ಕದಲ್ಲಿದ್ದ ನಿನ್ನಮ್ಮ ನನ್ನ ಕಡೆ ತಿರುಗಿದಳು. ಏನೂ ಹೇಳಲಿಲ್ಲ. ಆ ನೋಟ ನಿನಗೂ ಗೊತ್ತಲ್ಲ.

ನನಗೆ ಗೊತ್ತಿದ್ದ ಡ್ರಾಯಿಂಗ್ ಬೇರೆಯದೇ. ಸಾಗರದಲ್ಲಿ ಹೈಸ್ಕೂಲಿಗೆ ಹೋಗುವಾಗ ನಾನು ಡ್ರಾಯಿಂಗ್ ಲೋಯರ್ ಪರೀಕ್ಷೆ ಕಟ್ಟಿದ್ದೆ. ಮುಂದೆ ಒಂದು ಬಿಂದಿಗೆ, ಒಂದು ಬಾಳೆಹಣ್ಣು ಇಟ್ಟಿರುತ್ತಿದ್ದರು, ಇದ್ದ ಹಾಗೆ ಬರೆಯಬೇಕು. ನೆನಪಿನ ಚಿತ್ರಕ್ಕೆ ವಿಷಯ ಅವರೇ ಕೊಡುತ್ತಿದ್ದರು. ನನಗೆ ಬಂದದ್ದು ಬಾವಿಕಟ್ಟೆ. ನೀರು ಸೇದುವ ಹೆಂಗಸಿನ ಕೈ ಎಷ್ಟು ಸಲ ಬರೆದರೂ ಸರಿ ಬರಲಿಲ್ಲ. ರಬ್ಬರ್ ಹಾಕಿ ಹಾಕಿ ಹಾಳೆಯೇ ತೂತಾಯಿತು. ಕೊನೆಗೆ ಆ ಜಾಗದಲ್ಲಿ ಒಂದು ಬಾಳೆಗಿಡ ಬರೆದು ಮುಚ್ಚಿಬಿಟ್ಟೆ. ಪಾಸಾದೆ. ತಪ್ಪು ಕಾಣಬಾರದು, ಅದೇ ಆಗಿನ ಲೆಕ್ಕ.

ಅದಕ್ಕೇ ಜೂನ್‌ನಲ್ಲಿ ನೀನು ಬರೆದ ಆ ಮೊದಲ ಸೂಟ್‌ಕೇಸ್ ಚಿತ್ರ ನನಗೆ ಅಷ್ಟು ಹಿಡಿಸಿದ್ದು. ಶೇಡಿಂಗ್, ಜಿಪ್, ಚಕ್ರ ಎಲ್ಲ ಥೇಟ್ ಫೋಟೊ. ಬಂದ ನೆಂಟರಿಗೆಲ್ಲ ತೋರಿಸಿದೆ. ಮೇಡಂ ಮಾತ್ರ ಅದನ್ನು ನೋಡಿ "ಚೆನ್ನಾಗಿದೆ, ಆದರೆ ಇದರಲ್ಲಿ ನೀನು ಏನು ಕೇಳುತ್ತಿದ್ದೀಯ?" ಅಂದರಂತೆ. ಅವತ್ತು ಊಟ ಬಿಟ್ಟು ಅತ್ತೆಯಲ್ಲ, ಇವರ್ಯಾರು ನನ್ನ ಮಗಳನ್ನು ಅಳಿಸೋಕೆ ಅಂತ ನನಗೆ ಸಿಟ್ಟೇ ಬಂದಿತ್ತು. ಈಗ ಆ ಸಿಟ್ಟಿಲ್ಲ.

ಯಾಕೆಂದರೆ ಮುಂದೆ ನಿನಗೆ ಹೊಳೆದ ಪ್ರಶ್ನೆ ಇದೆಯಲ್ಲ, ಅದು ನನಗೆ ಹೊಳೆಯುವಂಥದ್ದಲ್ಲ. ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಅವತ್ತು ನಮ್ಮ ಬ್ಯಾಗು 25 ಕೆಜಿ ದಾಟಿತ್ತು, ಬಿಡೋದು 23. ನೆಲದ ಮೇಲೆ ಬ್ಯಾಗು ಬಿಚ್ಚಿಕೊಂಡು ಕುಳಿತೆವು. ಪೇಪರಿನಲ್ಲಿ ಸುತ್ತಿದ ಅಪ್ಪೆಮಿಡಿ ಬಾಟಲಿ ಉಳಿಯಿತು, ಹಪ್ಪಳದ ಕಟ್ಟು ಉಳಿಯಿತು. ಅಜ್ಜಿ ಕೊಟ್ಟ ಹಿತ್ತಾಳೆ ತಂಬಿಗೆಯನ್ನು ಹೊರಗೆ ತೆಗೆದು ಬಿಡಲು ಬಂದಿದ್ದ ಚಿಕ್ಕಪ್ಪನ ಕೈಗೆ ಕೊಟ್ಟೆ. ನನಗೆ ಅದು ಮರೆತೇ ಹೋಗಿತ್ತು. ನೀನು ಮರೆತಿರಲಿಲ್ಲ. ತೂಕ ಜಾಸ್ತಿಯಾದಾಗ ನಾವು ಏನನ್ನು ಹೊರಗೆ ತೆಗೆಯುತ್ತೇವೆ, ಯಾವುದನ್ನು ಅಂತ ಯಾರು ಹೇಳುತ್ತಾರೆ? ಇದೇ ನಿನ್ನ ವರ್ಷದ ಪ್ರಶ್ನೆ ಅಂತ ಸಭೆಯಲ್ಲಿ ಗೋಡೆಗೆ ಅಂಟಿಸಿದ್ದ ಚೀಟಿ ಓದಿ ಗೊತ್ತಾಯಿತು. ಅಲ್ಲೇ ಇದ್ದ ನಿನ್ನ ಚಿತ್ರದಲ್ಲಿ ಬ್ಯಾಗಿನ ಬಾಯಿ ತೆರೆದಿದೆ, ತಂಬಿಗೆ ಮಾತ್ರ ಹೊರಗೆ ನೆಲದ ಮೇಲೆ ನಿಂತಿದೆ. ಅದನ್ನು ತಂದು ತೋರಿಸಬಾರದಿತ್ತಾ ಕೂಸೇ? ಇರಲಿ, ನಾನು ನೋಡಿದ ಮೇಲೆ ಏನು ಹೇಳುತ್ತಿದ್ದೆ ಅಂತ ನಿನಗೆ ಗೊತ್ತಿತ್ತು. ತಂಬಿಗೆ ಸ್ವಲ್ಪ ಸೊಟ್ಟ ಆಯ್ತು ಅಂತಿದ್ದೆ.

ಇಂಜಿನಿಯರಿಂಗ್ ಓದುವಾಗ ಒಂದು ಭಾನುವಾರ ಬಿಸಿಲು ತಪ್ಪಿಸಿಕೊಳ್ಳಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿಗೆ ಹೊಕ್ಕಿದ್ದೆ. ಕೆ. ವೆಂಕಟಪ್ಪನವರ ಊಟಿಯ ಜಲವರ್ಣ ಚಿತ್ರಗಳಿದ್ದವು. ಒಂದರಲ್ಲಿ ಮಂಜು, ಒಂದರಲ್ಲಿ ಮಳೆಮೋಡ, ಒಂದರಲ್ಲಿ ಬೆಳದಿಂಗಳು. ಎಲ್ಲ ಊಟಿಯೇ. ಒಂದು ಬರೆದರೆ ಸಾಕಾಗಲಿಲ್ವಾ ಇವರಿಗೆ ಅಂತ ಗೆಳೆಯನ ಹತ್ತಿರ ನಕ್ಕಿದ್ದು ನೆನಪಿದೆ. ಮೊನ್ನೆ ಸಭೆಯಿಂದ ಕಾರಿನಲ್ಲಿ ಬರುವಾಗ ಆ ಊಟಿ ಮತ್ತೆ ಕಣ್ಣ ಮುಂದೆ ಬಂತು.

ಈಗ ನನ್ನ ಕಡೆಯಿಂದ ಏನು ನಿರೀಕ್ಷೆ ಅಂತ ಹೇಳಿಬಿಡುತ್ತೇನೆ. 5ಕ್ಕೆ 5 ಬರಲೇಬೇಕು ಅಂತ ಆಗಸ್ಟಿನಲ್ಲಿ ಹೇಳಿದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ. ಸ್ಕೋರ್ ಬರೋದು ಜುಲೈನಲ್ಲಿ. ನಿನ್ನ ಕಾಲೇಜು ಸೀಟು ಅಷ್ಟರೊಳಗೆ ತೀರ್ಮಾನ ಆಗಿಹೋಗಿರುತ್ತದೆ. ಆ ಸ್ಕೋರಿಗೆ ಕ್ರೆಡಿಟ್, ಅಂದರೆ ಕಾಲೇಜಿನ ಒಂದು ಕೋರ್ಸ್ ಮುಗಿಸಿದ ಲೆಕ್ಕ, ಕೊಡೋದು ಬಿಡೋದು ಆಯಾ ಕಾಲೇಜಿನ ಮರ್ಜಿ. ನೀನು ಆರ್ಟ್ ಕಾಲೇಜಿಗೇ ಹೋಗುವುದಾದರೆ ಅವರು ಬೇರೆ ಪೋರ್ಟ್‌ಫೋಲಿಯೊ ಕೇಳುತ್ತಾರೆ, ಅದನ್ನು ಚಳಿಗಾಲದೊಳಗೇ ಕಳಿಸಬೇಕು. ಆ ತಾರೀಕುಗಳನ್ನು ನೀನೇ ಕ್ಯಾಲೆಂಡರಿನಲ್ಲಿ ಬರೆದಿಡು, ನಾನು ಜ್ಞಾಪಿಸುತ್ತಾ ಕೂರುವುದಿಲ್ಲ.

ಆದರೆ ಏಪ್ರಿಲ್‌ನಲ್ಲಿ ರಾತ್ರಿಯೆಲ್ಲ ಕುಳಿತು ಎಂಟು ಚಿತ್ರ ಬರೆಯುವ ಕೆಲಸ ಬೇಡ. ಸೆಪ್ಟೆಂಬರಿನಿಂದ ಲೆಕ್ಕ ಹಾಕಿದರೆ ಎರಡು ವಾರಕ್ಕೊಂದು ಇಮೇಜು ಆದರೂ ಸಲೀಸಾಗಿ ಮುಗಿಯುತ್ತದೆ. ಪ್ರತಿಯೊಂದಕ್ಕೂ ಏನು ಸಾಮಗ್ರಿ, ಹೇಗೆ ಮಾಡಿದ್ದು, ಎಷ್ಟು ಇಂಚು ಅಂತ ಅವತ್ತೇ ಬರೆದಿಡು. ಇಂಜಿನಿಯರ್ ಅಪ್ಪನ ಮಾತು ಇದೊಂದಾದರೂ ಕೇಳು. ಕೊನೆಯಲ್ಲಿ ನಿನ್ನ ಪ್ರಶ್ನೆ ಏನು, ಅದು ನಿನ್ನನ್ನು ಹೇಗೆ ನಡೆಸಿತು ಅಂತಲೂ ಬರೆಯಬೇಕು. ತಲಾ 600 ಅಕ್ಷರ, ಖಾಲಿ ಜಾಗವೂ ಸೇರಿ. ನೀನು ಸ್ನೇಹಿತರಿಗೆ ಕಳಿಸುವ ಒಂದು ಮೆಸೇಜೇ ಅದಕ್ಕಿಂತ ಉದ್ದ ಇರುತ್ತದೆ.

ಇನ್ನೊಂದು. "ಐಡಿಯಾ ಬರದಿದ್ದರೆ ಎಐನ ಕೇಳು, ಹತ್ತು ಚಿತ್ರ ಕೊಡುತ್ತದೆ" ಅಂತ ಬುದ್ಧಿ ಹೇಳಿದವನು ನಾನೇ. ನೀನು ಕಣ್ಣು ಕೆಂಪು ಮಾಡಿದ್ದು ಸರಿಯಾಗಿಯೇ ಇತ್ತು. ಚಿತ್ರ ಮಾಡುವ ಯಾವ ಹಂತದಲ್ಲೂ ಎಐ ಮುಟ್ಟಬಾರದು ಅಂತ ಎಪಿ ನಡೆಸುವ ಕಾಲೇಜ್ ಬೋರ್ಡಿನ ನಿಯಮವೇ ಇದೆ. ಇಂಟರ್‌ನೆಟ್ಟಿನ ಬೇರೆಯವರ ಫೋಟೊ ನೋಡಿ ಹಾಗೇ ಇಳಿಸುವುದೂ ನಡೆಯಲ್ಲ. ನಮ್ಮ ಮನೆಯಲ್ಲಿ ಸೂಟ್‌ಕೇಸಿಗೇನು ಬರವಾ, ಏಳಿವೆ.

ಊಟದ ಟೇಬಲ್ ಇವತ್ತಿನಿಂದ ನಿನ್ನದು, ನಾವು ಸೋಫಾ ಮೇಲೆ ಉಣ್ಣುತ್ತೇವೆ. ಚಾರ್ಕೋಲ್ ಕೈಯಲ್ಲಿ ಕಾರ್ಪೆಟ್ ಮೇಲೆ ಮಾತ್ರ ಓಡಾಡಬೇಡ, ಬಾಡಿಗೆ ಮನೆ. ಚಾರ್ಕೋಲ್ ಅಳಿಸಿಹೋಗದಂತೆ ಹಾಕುವ ಫಿಕ್ಸೆಟಿವ್ ಸ್ಪ್ರೇ ಹೊಡೆಯುವುದು ಹೊರಗೆ. ಫೋಟೊ ತೆಗೆಯುವಾಗ ಕರೆ. ಗರಾಜ್ ಬಾಗಿಲ ಹತ್ತಿರ ಬೆಳಿಗ್ಗೆ ಒಳ್ಳೆ ಬೆಳಕು ಬರುತ್ತದೆ, ಬಿಳಿ ರಟ್ಟು ಹಿಡಿದುಕೊಂಡು ನಿಲ್ಲುತ್ತೇನೆ. ಬಾಯಿ ಬಿಡುವುದಿಲ್ಲ.

ಹೋದ ಹಾಳೆಗಳನ್ನು ವಾಪಸ್ ತರಲು ನನ್ನಿಂದ ಆಗಲ್ಲ. ನಿನ್ನೆ ಗರಾಜೆಲ್ಲ ತಡಕಾಡಿದೆ. ವಾಷಿಂಗ್ ಮಷೀನಿನ ಹಿಂದೆ ಒಂದು ಸಿಕ್ಕಿತು, ಆರು ಹಿಡಿ ಬರೆದದ್ದು. ಮಧ್ಯದಲ್ಲಿ ಮಡಿಕೆ ಬಿದ್ದಿದೆ, ಮೂಲೆಯಲ್ಲಿ ನನ್ನ ಬೂಟಿನ ಗುರುತಿದೆ. ಇಸ್ತ್ರಿ ಹಾಕಿ ಸರಿ ಮಾಡೋಣ ಅಂತ ಪೆಟ್ಟಿಗೆ ಬಿಸಿಗಿಟ್ಟಿದ್ದೆ, ನಿನ್ನಮ್ಮ ಓಡಿ ಬಂದು ಕಿತ್ತುಕೊಂಡಳು. ಇದ್ದ ಹಾಗೇ ಟೇಬಲ್ ಮೇಲೆ ಇಟ್ಟಿದ್ದೇನೆ, ಈ ಕಾಗದದ ಕೆಳಗೆ.

ಇಂತಿ,
ಅಪ್ಪ