ಯಪ್ಪಾ, ನೀ ಕೇಳಿದ್ದಕ್ಕ ಉತ್ತರ

ರೋಮ್, ಎಳ್ಳ ಅಮಾಸಿ ಮರುದಿನ

ಯಪ್ಪಾ, ಅವ್ವಾ,

ನಿನ್ನೆ ವೀಡಿಯೋ ಕಾಲ್‌ನ್ಯಾಗ ಚರಗ ಚೆಲ್ಲೋದು ತೋರ್ಸಿದ್ರಿ, ತಮ್ಮ ಸಜ್ಜಿ ಕಡಬು ಕ್ಯಾಮೆರಾ ಮುಂದ ಹಿಡಿದು ನನ್ನ ಹೊಟ್ಟಿ ಉರಿಸಿದ, ಭಜ್ಜಿ ಗಡಿಗಿ ಇನ್ನೇನ್ ಕಾಣಸ್ಬೇಕು ಅನ್ನೋದ್ರಾಗ ನೆಟ್‌ವರ್ಕ್ ಹೋಯ್ತು, ಯಪ್ಪಾ ನೀ ಕೇಳಿದ ಮಾತು ಅರ್ಧಕ್ಕೇ ನಿಂತ್ತು. "ಅಷ್ಟು ದೂರ ಹೋಗಿ ಲ್ಯಾಬ್‌ನ್ಯಾಗ ಬೀನ್ಸ್ ಅರೀಲತ್ತಿ, ಅದ್ರಿಂದ ನಮ್ಮ ತೊಗರಿ ನೆಟೆ ನಿಂದ್ರತದೇನು?" ಅಂದಿ. ಫೋನ್‌ನ್ಯಾಗ ಹೇಳಿದ್ರ ನೀ ಹೂಂ ಹೂಂ ಅಂತೀ, ಅದಕ್ಕ ಬರೀಲತ್ತೀನಿ. ತಮ್ಮ ಓದಿ ಹೇಳ್ತಾನ.

2022ರಾಗ ನೆಟೆ ರೋಗ ಬಂದಾಗ ನೀ ಏನ್ ಮಾಡಿದ್ದಿ ನೆನಪದ ಏನು? ಕಾಯಿ ಹಿಡಿಯೋ ಟೈಮಿಗೆ ಸಾಲಿಗೆ ಸಾಲೇ ಬಾಡಿ ನಿಂತಿದ್ವು, ಆಳಂದ ಕಡಿ ಎಲ್ಲರ ಹೊಲದಾಗೂ ಅದೇ ಕತಿ. ನೀ ಒಂದು ಗಿಡ ಕಿತ್ತು, ಬುಡದ ಮ್ಯಾಲ ನೇರಳಿ ಬಣ್ಣದ ಪಟ್ಟಿ ತೋರ್ಸಿ, ಕುಡುಗೋಲಿಂದ ಕಾಂಡ ಉದ್ದಕ ಸೀಳಿ, ಒಳಗ ಕರಿ ಗೀರು ಬೆರಳಿಲೆ ಸವರಿ "ನೀರಿನ ನಳಾನೇ ಕಟ್ಟಿಬಿಟ್ಟದ ನೋಡು" ಅಂದಿದ್ದಿ. ಒಂದು ಮಾತಿನ್ಯಾಗ ಅದೇ ಖರೆ. ಫ್ಯುಸೇರಿಯಂ ಉಡಮ್ ಅಂತ ಬೂಷ್ಟು ಅದು, ಬಟ್ಲರ್ ಅನ್ನೋವ್ರು 1910ರಾಗ ಹೆಸರಿಟ್ಟಿದ್ದು. ಮಣ್ಣಾಗಿಂದ ಬೇರಿಗೆ ನುಗ್ತದ, ನೀರೇರೋ ದಾರಿಗೆ ಕೂಡ್ತದ.

ಆದ್ರ ನುಗ್ಗಬೇಕಾದ್ರ ಮೊದಲ ಗ್ವಾಡಿ ಒಡಿಬೇಕಲ್ಲ. ನಮ್ಮ ಹಳೆ ಮನಿ ಗ್ವಾಡಿ ನೋಡು, ಶಹಾಬಾದ್ ಕಲ್ಲು ಮ್ಯಾಲ ಕಲ್ಲು ಇಟ್ಟು ನಡುವ ಮಣ್ಣು ಮೆತ್ಯಾರ, ಕಲ್ಲು ಎಷ್ಟೇ ಗಟ್ಟಿ ಇರ್ಲಿ, ಇಲಿ ಮಣ್ಣು ಕೆದರಿದ್ರ ಸಾಕು ಕಲ್ಲು ಅಲ್ಲಾಡ್ತದ. ಗಿಡದ ಜೀವಕೋಶದ ಗ್ವಾಡಿಯಾಗ ಆ ಮಣ್ಣಿನ ಕೆಲಸ ಪೆಕ್ಟಿನ್ ಮಾಡ್ತದ, ಅವ್ವಾ, ಪೇರಲ ಹಣ್ಣಿನ ಜಾಮ್ ಗಟ್ಟಿ ಆಗ್ತದಲ್ಲ ಅದೇ ಪೆಕ್ಟಿನ್. ಎಷ್ಟೋ ಜಾತಿ ಬೂಷ್ಟು ಒಂದು ಎಂಜೈಮ್ ಬಿಡ್ತಾವ, ಪಾಲಿಗ್ಯಾಲಕ್ಟುರೋನೇಸ್ ಅಂತ, ಹೆಸರು ಬಾಯಿಗೆ ಬರಂಗಿಲ್ಲ, ನಾವು ಪಿಜಿ ಅಂತೀವಿ. ಅದು ಪೆಕ್ಟಿನ್ನಿನ ಉದ್ದ ಸರಪಣಿ ಚೂರ್ ಚೂರ್ ಕತ್ತರಿಸ್ತದ, ಬೂಷ್ಟಿಗೆ ದಾರಿನೂ ಆಯ್ತು ಊಟನೂ ಆಯ್ತು.

ಗಿಡ ಓಡಿ ಹೋಗೋಕ ಬರಂಗಿಲ್ಲ. ಆದ್ರ ಗ್ವಾಡಿಯಾಗೇ ಒಂದು ಪ್ರೋಟೀನ್ ಇಟ್ಟಿರ್ತದ, ಪಿಜಿಐಪಿ, ಅಂದ್ರ ಪಿಜಿ ತಡಿಯೋ ಪ್ರೋಟೀನ್. ಇದನ್ನ ಮೊದಲ ತೋರ್ಸಿದ್ದು 1971ರಾಗ ಅಮೆರಿಕಾದಾಗ, ಆಲ್ಬರ್ಶೈಮ್ ಮತ್ತ ಆಂಡರ್ಸನ್. ಬೀನ್ಸಿನ ಪಿಜಿಐಪಿ ಆಕಾರ ಏನು ಅಂತ 2003ರಾಗ ಬಿಡಿಸಿದ್ದು ಇದೇ ರೋಮ್‌ನೋರು, ಕುಡುಗೋಲಿನಂಗ ಬಾಗಿರ್ತದ, ಆ ಬಾಗಿದ ಒಳ ಮಗ್ಗಲಿಂದ ಬೂಷ್ಟಿನ ಪಿಜಿ ಹಿಡಿತದ. ಬೀನ್ಸ್‌ನ್ಯಾಗ ಇಂಥವು 4 ಜೀನ್ ಅದಾವ. ಮೊದಲನೇ ಜೀನಿನ ಪ್ರೋಟೀನಿಗೂ ಎರಡನೇದಕ್ಕೂ ಬರೇ 8 ಅಮೈನೋ ಆಸಿಡ್, ಅಂದ್ರ ಪ್ರೋಟೀನ್ ಸರದ ಮಣಿ, ಫರಕು, ಆದ್ರ ಒಂದು ಜಾತಿ ಫ್ಯುಸೇರಿಯಂ ಪಿಜಿ ಬಂದ್ರ ಎರಡನೇದು ಹಿಡಿತದ, ಮೊದಲನೇದು ಸುಮ್ನ ನೋಡ್ಕೋತ ಕೂಡ್ತದ. 1999ರಾಗ ಆ 8ರಾಗ ಒಂದೇ ಒಂದು ಅಮೈನೋ ಆಸಿಡ್ ಬದಲ್ ಮಾಡಿ ನೋಡಿದ್ರು, ಮೊದಲನೇದೂ ಹಿಡಿಯೋಕ ಶುರು ಮಾಡ್ತು. ಈ ಮಾತು ಓದಿದ ರಾತ್ರಿ ನನಗ ನಿದ್ದಿ ಬರ್ಲಿಲ್ಲ, ಖರೇನ.

ಈಗ ನನ್ನ ಪುರಾಣ ಕೇಳ್ರಿ. ನಾ ದಿನಾ ಮಾಡೋದು ಇಷ್ಟೇ: ಪೆಕ್ಟಿನ್ ಕೂಡಿಸಿದ ಅಗರ್ (ಜೆಲ್ಲಿಯಂಥದ್ದು) ತಟ್ಟಿಯಾಗ ಸಣ್ಣ ತೂತು ಮಾಡಿ, ಒಂದರಾಗ ಬರೇ ಪಿಜಿ, ಇನ್ನೊಂದರಾಗ ಪಿಜಿ ಮತ್ತ ಬೀನ್ಸಿನ ರಸ, ಮೂರನೇದರಾಗ ಕುದಿಸಿದ ರಸ ಹಾಕ್ತೀನಿ, ಕುದ್ದ ಮ್ಯಾಲ ಆ ಪ್ರೋಟೀನ್ ಸತ್ತಂಗೇ. ರಾತ್ರಿ ಬಿಟ್ಟು ಮುಂಜಾನಿ ರುಥೇನಿಯಮ್ ರೆಡ್ ಬಣ್ಣ ಹಾಕಿದ್ರ ಪೆಕ್ಟಿನ್ ಇದ್ದ ಜಾಗ ಕೆಂಪಗ ಆಗ್ತದ, ಪಿಜಿ ತಿಂದ ಜಾಗ ಬೆಳ್ಳಗ ದುಂಡಗ, ಚಂದ್ರನ ಸುತ್ತ ಕಣ ಕಟ್ಟಿದಂಗ ಕಾಣ್ತದ. ಬೀನ್ಸ್ ರಸ ಕೆಲಸ ಮಾಡಿದ್ರ ಆ ಕಣ ಸಣ್ಣದಾಗ್ತದ. ಹೋದ ತಿಂಗಳ ಒಂದಿನ ನೋಡಿದ್ರ ಕಣಾನೇ ಇಲ್ಲ! ನಾ ಕುಣಿದಾಡೋದೊಂದೇ ಬಾಕಿ, ಎಷ್ಟು ಜೋರ್ ತಡದದಪ್ಪಾ ಅಂತ, ಆಮ್ಯಾಲ ನೋಡಿದ್ರ ಬರೇ ಪಿಜಿ ಹಾಕಿದ ತೂತಿನ ಸುತ್ತೂ ಇಲ್ಲ. ಬಫರ್, ಅಂದ್ರ ಹುಳಿ ಅಳತಿ ಹಿಡಿದಿಡೋ ನೀರು, ತಪ್ಪು ಮಾಡಿದ್ದೆ, ಪಿಎಚ್ 5ರ ಆಸುಪಾಸು ಹುಳಿ ಇರ್ಬೇಕಾಗಿದ್ದು 7 ಮಾಡಿಟ್ಟಿದ್ದೆ, ಈ ಪಿಜಿಗೆ ಹುಳಿ ಇಲ್ಲಂದ್ರ ಹಲ್ಲು ಆಡಂಗಿಲ್ಲ. ಎರಡು ವಾರದ ಕೆಲಸ ಮೋರಿಗೆ ಹೋಯ್ತು. ಗೈಡ್ ಏನೂ ಅನ್ಲಿಲ್ಲ, ಅದೇ ಜಾಸ್ತಿ ಬ್ಯಾಸರ.

ಇದರಾಗ ನನಗ ಬಹಳ ಸೇರೋ ಮಾತು ಅಂದ್ರ, ಪಿಜಿಐಪಿ ಬೂಷ್ಟು ಕೊಲ್ಲಂಗಿಲ್ಲ. ಪಿಜಿನ ಪೂರಾ ಬಂದ್ ಕೂಡ ಮಾಡಂಗಿಲ್ಲ. ಪಿಜಿ ತನ್ನ ಪಾಡಿಗೆ ಬಿಟ್ರ ಪೆಕ್ಟಿನ್ ಹಿಟ್ಟು ಮಾಡಿ ಬಿಡ್ತದ, ಪಿಜಿಐಪಿ ಹಿಡ್ಕೊಂಡ್ರ 10-15 ಕೊಂಡಿ ಉದ್ದದ ತುಣುಕು ಉಳೀತಾವ, ಆ ತುಣುಕು ನೋಡಿದ ಗಿಡಕ್ಕ "ಎಲಾ, ಗ್ವಾಡಿ ಒಡೀಲತ್ತಾರ" ಅಂತ ಗೊತ್ತಾಗಿ ಬಾಕಿ ಆಯುಧ ಎಲ್ಲಾ ಹೊರಗ ತೆಗೀತದ. ಎರಡೂ ಕೂಡಿದ್ರ ಪಿಜಿ ಕತ್ತರಿಸೋ ರೀತಿನೇ ಬದಲಾಗ್ತದ, ಉದ್ದ ತುಣುಕೇ ಬೀಳ್ತಾವ ಅಂತ 2024ರಾಗ ತೋರ್ಸ್ಯಾರ. ಕಳ್ಳನ ಕೈಲೇ ಗುಡಿ ಗಂಟಿ ಹೊಡಸ್ದಂಗ ಅಲ್ಲೇನು?

ಬೂಷ್ಟೂ ಸುಮ್ನ ಇರಂಗಿಲ್ಲ ಮತ್ತ. ಗಿಡ ಕೈಟಿನೇಸ್ ಅನ್ನೋ ಎಂಜೈಮ್ ಬಿಟ್ಟು ಬೂಷ್ಟಿನ ಗ್ವಾಡಿ ಒಡಿಯೋಕ ಹೋದ್ರ, ಕೆಲವು ಫ್ಯುಸೇರಿಯಂ ಆ ಕೈಟಿನೇಸನ್ನೇ ತುಂಡು ಮಾಡೋ ಎಂಜೈಮ್ ಬಿಡ್ತಾವ. ನಮ್ಮೂರ ಬದುವಿನ ಜಗಳ ಇದ್ದಂಗ, ಮುಗಿಯೋ ಮಾತೇ ಇಲ್ಲ.

ಅದಕ್ಕ ಯಪ್ಪಾ, ನಿನ್ನ ಪ್ರಶ್ನಿಗೆ ಸೀದಾ ಉತ್ತರ: ಇಲ್ಲ, ನಾ ಅರಿಯೋ ಬೀನ್ಸಿಂದ ಮುಂದಿನ ಮುಂಗಾರಿಗೆ ನಿನ್ನ ಹೊಲದಾಗ ಏನೂ ಬದಲಾಗಂಗಿಲ್ಲ. ಬೀನ್ಸಿನ ಈ ಜೀನ್ ಗೋಧಿಗೆ ಹಾಕಿ ತೆನಿಗೆ ಬರೋ ಫ್ಯುಸೇರಿಯಂ ಕಮ್ಮಿ ಆಗಿದ್ದು ನೋಡ್ಯಾರ, ತೊಗರಿ ಮಾತು ಬ್ಯಾರೆ, ನನ್ನ ಕೆಲಸ ತೊಗರಿ ಮ್ಯಾಲ ಅಲ್ಲ. ನಿನಗ ಈಗ ಕೆಲಸಕ್ಕ ಬರೋದು ಹಳೇ ಮಾತೇ, ಕೆಳಗಿನ ಹೊಲದಾಗ ಮತ್ತ ತೊಗರಿ ಬ್ಯಾಡ, ಬೂಷ್ಟು ಕೂಳಿಯಾಗ ವರ್ಷಗಟ್ಲೆ ಜೀವ ಹಿಡ್ಕೊಂಡಿರ್ತದ, ಒಂದೆರಡು ವರ್ಷ ಜ್ವಾಳ ಹಾಕು, ತೊಗರಿ ಹಾಕೋದೇ ಆದ್ರ ನೆಟೆ ತಡಿಯೋ ಟಿಎಸ್-3ಆರ್ ಬೀಜ ತಗೋ, ಬೀಜಕ್ಕ ಟ್ರೈಕೋಡರ್ಮಾ ಅನ್ನೋ ಒಳ್ಳೆ ಬೂಷ್ಟು ಹಚ್ಚು. ಅಂಗಡಿಯಂವ ಕೊಟ್ಟ ಬೀಜ ನಂಬಬ್ಯಾಡ, ಹೋದ ಸಲ ಚೀಟಿನೂ ಇರ್ಲಿಲ್ಲ.

ಅವ್ವಾ, ಬ್ಯಾಳಿ ಮುಗೀಲಕ್ಕ ಬಂದದ, ಯಾರರ ಬರೋರಿದ್ರ ಎರಡು ಕಿಲೋ ಕಳಸು. ಇಲ್ಲಿ ಸಿಗೋ ಬ್ಯಾಳಿ ಎಷ್ಟು ಕುದಿಸಿದ್ರೂ ನಮ್ಮದರಂಗ ಕರಗಂಗಿಲ್ಲ.

ತಮ್ಮಾ, ಬಾವಿ ಮಗ್ಗಲ ಈ ವರ್ಷನೂ ನಾಕೈದು ಗಿಡ ಬಾಡ್ಯಾವ ಅಂದಿದ್ದಿ. ಒಂದು ಕಿತ್ತು ಕಾಂಡ ಸೀಳಿ ಫೋಟೋ ಕಳಸು, ಬಿಸಿಲಾಗ ತೆಗಿ, ಫ್ಲ್ಯಾಶ್ ಹಾಕಬ್ಯಾಡ, ಗೀರಿನ ಬಣ್ಣ ಸರಿ ಕಾಣಂಗಿಲ್ಲ.

ನಿಮ್ಮ ಮಗಳು