ಕಾಲ್ನಡಿಗೆ ಪ್ರವಾಸಕ್ಕೆ ಕಿಲೋಮೀಟರ್ ಒಂದೇ ಅಳತೆಯಲ್ಲ

ಮಾನ್ಯ ಸಂಪಾದಕರೇ,

ಬೆಟ್ಟ, ಸರೋವರ ಮತ್ತು ಕಡಲತೀರಗಳ ನಡುವೆ ಮಾರ್ಗದರ್ಶಿಯೊಬ್ಬರ ಜೊತೆಯಲ್ಲಿ ಮೂರು ದಿನ ನಡೆದು ಬರುವ ಕಿರು ಪ್ರವಾಸಗಳ ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಬಾರಿ ಓದಿದೆ. ವಾಹನದ ಕಿಟಕಿಯಿಂದ ನೋಡಿದ ಊರಿಗೂ ಕಾಲಿನಿಂದ ಅಳೆದ ಊರಿಗೂ ಇರುವ ಅಂತರವನ್ನು ಲೇಖಕರು ಮನಮುಟ್ಟುವಂತೆ ಬರೆದಿದ್ದಾರೆ. ಆ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆದರೆ ಮೊದಲ ದಿನ ಬೆಟ್ಟದಲ್ಲಿ 9, ಎರಡನೆಯ ದಿನ ಸರೋವರದ ಸುತ್ತ 14, ಮೂರನೆಯ ದಿನ ಕಡಲ ದಂಡೆಯಲ್ಲಿ 12 ಕಿಲೋಮೀಟರ್ ಎಂದು ದೂರವನ್ನಷ್ಟೇ ಕೊಟ್ಟು, ದಿನವೂ ವಾಯುವಿಹಾರ ಮಾಡುವವರಿಗೆ ಇದೇನೂ ಕಷ್ಟವಲ್ಲ ಎಂಬ ಅರ್ಥದಲ್ಲಿ ಲೇಖನವನ್ನು ಮುಗಿಸಿರುವುದನ್ನು ಒಪ್ಪಲಾರೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಭೂಗೋಳ ಪಾಠ ಮಾಡಿ ನಿವೃತ್ತಳಾದವಳು ನಾನು. ಹೋದ ವರ್ಷ ನನ್ನ ನಾದಿನಿಯ ಜೊತೆಗೆ ಇಂಥದೇ ಪ್ರವಾಸಕ್ಕೆ ಹೋಗಿದ್ದೆ. ಆ ಮೂರು ದಿನಗಳಲ್ಲಿ ನನಗೆ ಮನವರಿಕೆಯಾದ ಒಂದು ಸಂಗತಿಯನ್ನು ತಮ್ಮ ಓದುಗರ ಮುಂದಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಪ್ರವಾಸದಲ್ಲೂ ಮೊದಲ ದಿನ ಬೆಟ್ಟವೇ ಇತ್ತು, ದೂರವೂ 9 ಕಿಲೋಮೀಟರೇ. ವ್ಯವಸ್ಥಾಪಕರು ಕಳುಹಿಸಿದ ಹಾಳೆಯಲ್ಲಿ ಅದಕ್ಕಿಂತ ಹೆಚ್ಚಿನ ವಿವರ ಇರಲಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಅಷ್ಟು ದೂರ ಎರಡು ಗಂಟೆಯೊಳಗಿನ ನಡಿಗೆಯಾದ್ದರಿಂದ ನಾವು ಬೆಳಿಗ್ಗೆ ನಿಧಾನವಾಗಿ, ಹತ್ತೂವರೆಯ ನಂತರ ಹೊರಟೆವು. ಆ ದಾರಿ ಒಟ್ಟು 750 ಮೀಟರ್ ಏರುತ್ತದೆ ಎಂಬುದು ತಿಳಿದದ್ದು ನೆತ್ತಿ ತಲುಪಿದ ಮೇಲೆ, ಮಾರ್ಗದರ್ಶಿಯ ಕೈಯಲ್ಲಿದ್ದ ನಕ್ಷೆಯನ್ನು ಕೇಳಿ ಪಡೆದು ನೋಡಿದಾಗ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಲೆಕ್ಕದಂತೆ ನಮ್ಮ ದಾರಿಗೆ ಮೂರು ಗಂಟೆ ಬೇಕು. ಅದೂ ಎಲ್ಲಿಯೂ ನಿಲ್ಲದೆ ನಡೆಯಬಲ್ಲ ಗಟ್ಟಿಗರಿಗೆ. ಹದಿನಾಲ್ಕು ಜನರ ಗುಂಪಿಗೆ, ನೀರು ಕುಡಿಯಲು, ನೋಟ ನೋಡಲು, ಬೂಟಿನೊಳಗೆ ಸೇರಿದ ಕಲ್ಲು ತೆಗೆಯಲು ನಿಲ್ಲುವ ಹೊತ್ತನ್ನೂ ಸೇರಿಸಿದರೆ ಇದು ಸುಲಭವಾಗಿ ಇಮ್ಮಡಿಯಾಗುತ್ತದೆ. ನಮಗೆ ಏಳು ಗಂಟೆ ಹಿಡಿಯಿತು. ಕೊನೆಯ ಇಳಿಜಾರನ್ನು ಮಬ್ಬುಗತ್ತಲಲ್ಲಿ, ಹದಿನಾಲ್ಕು ಜನರಿಗೆ ಮೂರೇ ಟಾರ್ಚುಗಳ ಬೆಳಕಿನಲ್ಲಿ, ಒಬ್ಬರ ಹೆಗಲ ಮೇಲೆ ಮತ್ತೊಬ್ಬರು ಕೈಯಿಟ್ಟು ಇಳಿದೆವು. ದೂರದ ಬೆಟ್ಟ ನುಣ್ಣಗೆ ಎಂದು ಹೇಳುತ್ತಲೇ ಬೆಳೆದವರು ನಾವು. ಆದರೂ ಅಚ್ಚಾದ ಹಾಳೆಯಲ್ಲಿ ‘9’ ಎಂಬ ಅಂಕಿಯನ್ನು ಕಂಡರೆ ಬೆಟ್ಟವನ್ನೇ ಮರೆತುಬಿಡುತ್ತೇವೆ.

ಬೆಟ್ಟದಲ್ಲಿ ಏರನ್ನು ಕಂಡು ಹೆದರುವವರೇ ಹೆಚ್ಚು. ನಿಜಕ್ಕೂ ಬೆಲೆ ತೆರಬೇಕಾದದ್ದು ಇಳಿಯುವಾಗ. ಏರುವಾಗ ತೊಡೆಯ ಸ್ನಾಯು ಸಂಕುಚಿಸುತ್ತಾ ದುಡಿಯುತ್ತದೆ, ಇಳಿಯುವಾಗ ಮೈಭಾರವನ್ನು ತಡೆದು ಹಿಡಿಯುತ್ತಲೇ ಹಿಗ್ಗುತ್ತದೆ. ಹೀಗೆ ಹಿಗ್ಗುತ್ತಾ ದುಡಿದ ಸ್ನಾಯುವಿನ ನೋವು ಆಗಲೇ ತೋರದೆ, ಒಂದರಿಂದ ಮೂರು ದಿನಗಳ ಒಳಗೆ ಅತಿ ಹೆಚ್ಚಿನ ಮಟ್ಟ ಮುಟ್ಟುತ್ತದೆ. ಹಾಗಾಗಿ ಮೂರು ದಿನಗಳ ಪ್ರವಾಸದಲ್ಲಿ ಬೆಟ್ಟವನ್ನು ಮೊದಲ ದಿನಕ್ಕೆ ಇಟ್ಟರೆ ಉಳಿದೆರಡು ದಿನಗಳನ್ನೂ ನೋಯುವ ಕಾಲಿನಲ್ಲೇ ನಡೆಯಬೇಕಾಗುತ್ತದೆ. ಬೆಟ್ಟವನ್ನು ಕೊನೆಗೆ ಇಟ್ಟು, ಮೊದಲೆರಡು ದಿನ ಸಮನೆಲದಲ್ಲಿ ಕಾಲನ್ನು ಹದಗೊಳಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಮನೆಗೆ ಮರಳಿದ ಮೇಲೆ ನೋವು ಬಂದರೆ ಎರಡು ದಿನ ಮೆಟ್ಟಿಲು ಹತ್ತದೆ ಇರಬಹುದು. ಏನೇ ಇರಲಿ, ದಿನಗಳ ಈ ಕ್ರಮ ವಾಹನದ ಅನುಕೂಲ, ಕೋಣೆಗಳ ಲಭ್ಯತೆಯನ್ನು ನೋಡಿ ತೀರ್ಮಾನಿಸುವ ವಿಷಯವಲ್ಲ.

ಸರೋವರದ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರರಲ್ಲಿ ಅದೇ ಹಗುರವಾದ ದಿನ. ಆದರೂ ಸರೋವರದ ಸುತ್ತಲಿನ ದಾರಿಗೆ ಒಂದು ಗುಣವಿದೆ: ಅರ್ಧ ಸುತ್ತು ಬಂದ ಮೇಲೆ ಯಾರಿಗಾದರೂ ಕಾಲು ಉಳುಕಿದರೆ ಮುಂದೆ ಹೋಗುವುದೂ ಹಿಂದೆ ಬರುವುದೂ ಒಂದೇ ದೂರ, ನಡುವೆ ಹಾಯಲು ನೀರೇ ಅಡ್ಡ. ಆದ್ದರಿಂದ ಎಲ್ಲೆಲ್ಲಿ ವಾಹನದ ರಸ್ತೆ ದಂಡೆಯ ಹತ್ತಿರಕ್ಕೆ ಬರುತ್ತದೆ ಎಂಬುದನ್ನು ಮೊದಲೇ ತಿಳಿಸುವುದು ಮಾರ್ಗದರ್ಶಿಯ ಕರ್ತವ್ಯ. ಇನ್ನೊಂದು ಮಾತು. ಬಿಸಿಲಲ್ಲಿ ನಡೆದು ದಣಿದವರು ತಣ್ಣನೆಯ ನೀರನ್ನು ಕಂಡೊಡನೆ ಧುಮುಕಲು ಹವಣಿಸುತ್ತಾರೆ. ಆಳವಾದ ಸರೋವರಗಳಲ್ಲಿ ಮೇಲ್ಪದರವಷ್ಟೇ ಬೆಚ್ಚಗಿದ್ದು ಕೆಳಗಿನ ನೀರು ಬೇಸಿಗೆಯಲ್ಲೂ ಕೊರೆಯುತ್ತಿರುತ್ತದೆ. 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ನೀರಿಗೆ ಹಠಾತ್ತನೆ ಬಿದ್ದರೆ ಮನುಷ್ಯ ತನಗರಿವಿಲ್ಲದೆಯೇ ಒಮ್ಮೆಲೇ ಉಸಿರನ್ನು ಒಳಗೆಳೆದುಕೊಳ್ಳುತ್ತಾನೆ, ಆ ಗಳಿಗೆಯಲ್ಲಿ ಬಾಯಿ ನೀರಿನೊಳಗಿದ್ದರೆ ಈಜು ಬಲ್ಲವನೂ ಮುಳುಗುತ್ತಾನೆ. ತಮ್ಮ ಲೇಖನದಲ್ಲಿ ಸರೋವರದ ಸ್ನಾನವನ್ನು ಹೊಗಳಿದ್ದ ಕಡೆ ಇದೊಂದು ಸಾಲು ಇರಬೇಕಾಗಿತ್ತು.

ನಾನು ಬಹುವಾಗಿ ಹೇಳಬೇಕೆಂದಿರುವುದು ಕಡಲ ದಂಡೆಯ ಬಗ್ಗೆ. ಮೂರು ನೆಲಗಳಲ್ಲಿ ಅದು ಅತ್ಯಂತ ಸುಲಭವೆಂದು ಎಲ್ಲರೂ ಭಾವಿಸುತ್ತಾರೆ. ಏರಿಲ್ಲ, ಇಳಿಜಾರಿಲ್ಲ, ದಾರಿ ತಪ್ಪುವ ಭಯವೂ ಇಲ್ಲ. ಆದರೆ ಒಣ ಮರಳಿನ ಮೇಲೆ ನಡೆಯಲು ಗಟ್ಟಿ ನೆಲದ ಮೇಲೆ ನಡೆಯುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು, ಏಕೆಂದರೆ ಪ್ರತಿ ಹೆಜ್ಜೆಯಲ್ಲೂ ಪಾದ ಒತ್ತಿದ ಬಲದ ಒಂದು ಪಾಲು ಮರಳನ್ನು ಸರಿಸುವುದಕ್ಕೇ ಖರ್ಚಾಗುತ್ತದೆ. ಅದನ್ನು ತಪ್ಪಿಸಲು ನೀರಂಚಿನ ಒದ್ದೆ ಮರಳಿಗೆ ಇಳಿದರೆ ನಾವು ಕಡಲಿನ ಗಡಿಯಾರಕ್ಕೆ ಒಳಪಡುತ್ತೇವೆ. ಸಾಮಾನ್ಯವಾಗಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹೊತ್ತು ಮಾತ್ರ ದಿನದಿನಕ್ಕೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಇನ್ನೂ ಮೇಲಕ್ಕೆ ಬರುತ್ತದೆ. ಇದಕ್ಕಿಂತ ಮುಖ್ಯವಾದದ್ದು ನೀರು ಏರುವ ಬಗೆ. ಇಳಿತದಿಂದ ಉಬ್ಬರಕ್ಕೆ ಹಿಡಿಯುವ ಸುಮಾರು ಆರು ಗಂಟೆಗಳಲ್ಲಿ ಮೊದಲ ಗಂಟೆ ನೀರು ಒಟ್ಟು ಏರಿನ ಹನ್ನೆರಡರಲ್ಲಿ ಒಂದು ಪಾಲಿನಷ್ಟೇ ಏರುತ್ತದೆ, ಎರಡನೆಯ ಗಂಟೆ ಎರಡು ಪಾಲು, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ ಮೂರು ಪಾಲು. ಅಂದರೆ ಮೊದಲ ಗಂಟೆಯ ನಿಧಾನವನ್ನು ಕಂಡು ಇನ್ನೂ ಬೇಕಾದಷ್ಟು ಹೊತ್ತಿದೆ ಎಂದುಕೊಂಡವರನ್ನು ನಡುವಿನ ಎರಡು ಗಂಟೆಗಳಲ್ಲಿ ಅರ್ಧ ಕಡಲೇ ಬಂದು ಸುತ್ತುವರಿಯುತ್ತದೆ. ಇದು ನಾವಿಕರ ಸ್ಥೂಲ ಲೆಕ್ಕ, ಎಲ್ಲ ದಂಡೆಗೂ ಒಂದೇ ಸಮನೆ ಹೊಂದುವಂಥದ್ದಲ್ಲ. ಆದರೂ ನಡೆಯುವವನಿಗೆ ಎಚ್ಚರ ಹೇಳಲು ಅಷ್ಟು ಸಾಕು.

ಇಂಗ್ಲೆಂಡಿನ ಸರೋವರ ಸೀಮೆಯ ಬುಡದಲ್ಲೇ ಇರುವ ಮೋರ್‌ಕಾಂಬ್ ಕೊಲ್ಲಿ ಈ ಮಾತಿಗೆ ದೊಡ್ಡ ನಿದರ್ಶನ. ಬೆಟ್ಟ, ಸರೋವರ, ಕಡಲು ಮೂರೂ ಅಲ್ಲಿ ಒಂದಕ್ಕೊಂದು ತಾಗಿಕೊಂಡೇ ಇವೆ. ಇಳಿತದ ಹೊತ್ತಿನಲ್ಲಿ ಆ ಕೊಲ್ಲಿಯ ಮರಳನ್ನು ಹಾಯಬಹುದು. ಆದರೆ ನದಿಯ ಕಾಲುವೆಗಳು ಜಾಗ ಬದಲಿಸುತ್ತಲೇ ಇರುತ್ತವೆ, ಹೂತುಕೊಳ್ಳುವ ಮರಳು ನಿನ್ನೆ ಇಲ್ಲದ ಕಡೆ ಇಂದು ಇರುತ್ತದೆ. ಹದಿನಾರನೆಯ ಶತಮಾನದಿಂದಲೂ ಅಲ್ಲಿ ರಾಜಮನೆತನವೇ ಮಾರ್ಗದರ್ಶಿಯೊಬ್ಬರನ್ನು ನೇಮಿಸುತ್ತಾ ಬಂದಿದೆ. 1963ರಿಂದ 2019ರವರೆಗೆ ಆ ಹೊಣೆ ಹೊತ್ತಿದ್ದ ಸೆಡ್ರಿಕ್ ರಾಬಿನ್‌ಸನ್ ಅವರು ಜನರನ್ನು ಕರೆದೊಯ್ಯುವ ಮೊದಲು ತಾವೇ ಹೋಗಿ ದಾರಿ ಪರೀಕ್ಷಿಸಿ, ಲಾರೆಲ್ ಗಿಡದ ಕೊಂಬೆಗಳನ್ನು ಮರಳಿನಲ್ಲಿ ನೆಟ್ಟು ಗುರುತು ಮಾಡುತ್ತಿದ್ದರು. ಅದೇ ಕೊಲ್ಲಿಯಲ್ಲಿ 2004ರ ಫೆಬ್ರವರಿಯ ಒಂದು ರಾತ್ರಿ ಚಿಪ್ಪು ಆಯಲು ಹೋಗಿದ್ದ ಚೀನೀ ಕೂಲಿಕಾರರಲ್ಲಿ ಕನಿಷ್ಠ 21 ಮಂದಿ ಏರಿಬಂದ ನೀರಿಗೆ ಸಿಕ್ಕಿ ಸತ್ತರು. ಆ ನತದೃಷ್ಟರು ವಿಹಾರಕ್ಕೆ ಹೋದವರಲ್ಲ, ಹೊಟ್ಟೆಪಾಡಿಗೆ ಹೋದವರು. ಅವರನ್ನು ಅಲ್ಲಿಗೆ ಕಳುಹಿಸಿದವರಿಗೆ ಅವರ ಜೀವದ ಚಿಂತೆ ಇರಲಿಲ್ಲ. ಆದರೆ ನೀರು ಬರುವ ರೀತಿ ಎಲ್ಲರಿಗೂ ಒಂದೇ.

ನಮ್ಮ ಮೂರನೆಯ ದಿನ ಇದೆಲ್ಲ ನನ್ನ ಕಣ್ಣ ಮುಂದೆಯೇ ನಡೆಯಿತು. ಬೆಟ್ಟ ಇಳಿದ ನೋವು ಆ ದಿನಕ್ಕೆ ಪೂರ್ತಿ ಏರಿತ್ತು. ನಾದಿನಿ ಮತ್ತು ನಾನು ಎಲ್ಲರಿಗಿಂತ ಹಿಂದೆ ಬಿದ್ದಿದ್ದೆವು. ಕಡಲಿಗೆ ಚಾಚಿಕೊಂಡಿದ್ದ ಬಂಡೆಯೊಂದನ್ನು ಬಳಸಿ ಆಚೆಯ ದಂಡೆಗೆ ಹೋಗಬೇಕಾಗಿತ್ತು. ಮಾರ್ಗದರ್ಶಿ ಅದರ ಬುಡದಲ್ಲಿ ನಿಂತು ಕೈಗಡಿಯಾರ ನೋಡಿದರು, ನಮ್ಮಿಬ್ಬರನ್ನು ನೋಡಿದರು, ಆಮೇಲೆ ಬಂಡೆಯ ಮೇಲೆ ಬೆರಳಿಟ್ಟು ಒಂದು ಗೆರೆ ತೋರಿಸಿದರು. ಗೆರೆಯ ಕೆಳಗೆ ಕಲ್ಲೆಲ್ಲ ಹಸಿರು ಪಾಚಿ, ಉಗುರಿನಷ್ಟು ಅಗಲದ ಬಿಳಿಯ ಚಿಪ್ಪುಗಳು. ಮೇಲೆ ಬೋಳು ಕಲ್ಲು. ಆ ಗೆರೆ ನನ್ನ ಎದೆಯ ಮಟ್ಟಕ್ಕಿತ್ತು. ಆಚೆಯ ಕಡೆಯಲ್ಲಿ ವಾಹನ ಕಾದಿದೆ, ಕಾರ್ಯಕ್ರಮ ತಪ್ಪುತ್ತದೆ ಎಂದು ಗುಂಪಿನಲ್ಲಿ ಕೆಲವರು ಗೊಣಗಿದರು. ಮಾರ್ಗದರ್ಶಿ ದನಿಯೇರಿಸದೆ, ಈಗ ಹಿಂದಿರುಗುತ್ತೇವೆ ಎಂದಷ್ಟೇ ಹೇಳಿ ಎಲ್ಲರನ್ನೂ ದಿಬ್ಬದ ಮೇಲಿನ ಕಾಲುದಾರಿಗೆ ಹತ್ತಿಸಿದರು. ಒಂದು ಗಂಟೆಯ ನಂತರ ಮೇಲಿನಿಂದ ನೋಡಿದಾಗ ಬಂಡೆಯ ಬುಡದಲ್ಲಿ ಮರಳೇ ಇರಲಿಲ್ಲ.

ಹೀಗೆ ಹಿಂದಿರುಗಿಸುವ ಅಧಿಕಾರ ಮಾರ್ಗದರ್ಶಿಗೆ ಇದೆಯೋ ಇಲ್ಲವೋ ಎಂಬುದೇ ಇಂಥ ಪ್ರವಾಸಗಳ ಮೂಲಪ್ರಶ್ನೆ ಎಂದು ನಾನು ನಂಬಿದ್ದೇನೆ. 1820ರಲ್ಲಿ ಆಲ್ಪ್ಸ್ ಪರ್ವತಗಳ ಮೌಂಟ್ ಬ್ಲಾಂಕ್ ಏರುತ್ತಿದ್ದ ತಂಡವೊಂದರಲ್ಲಿ ಮುಂದುವರಿಯಲು ಮಾರ್ಗದರ್ಶಿಗಳಿಗೆ ಮನಸ್ಸಿರಲಿಲ್ಲವಾದರೂ ಕರೆತಂದವರ ಒತ್ತಾಯಕ್ಕೆ ಮಣಿದು ಹೆಜ್ಜೆ ಹಾಕಿದರು. ಹಿಮ ಕುಸಿದು ಮೂವರು ಮಾರ್ಗದರ್ಶಿಗಳು ಪ್ರಾಣ ಕಳೆದುಕೊಂಡರು. ಮರುವರ್ಷ, 1821ರಲ್ಲಿ, ಶಾಮೊನಿ ಊರಿನ ಮಾರ್ಗದರ್ಶಿಗಳು ತಮ್ಮದೇ ಸಂಘ ಕಟ್ಟಿಕೊಂಡರು, ಅದು ಇಂದಿಗೂ ನಡೆಯುತ್ತಿದೆ. ಇನ್ನೂರು ವರ್ಷಗಳ ನಂತರವೂ ಒತ್ತಡ ಬೇರೆ ರೂಪದಲ್ಲಿ ಉಳಿದೇ ಇದೆ: ಹಣ ಕೊಟ್ಟು ಬಂದವರ ಅಸಮಾಧಾನ, ಕಾದು ನಿಂತ ವಾಹನ, ಮುಂಗಡ ಕಾಯ್ದಿರಿಸಿದ ಊಟ. ವ್ಯವಸ್ಥಾಪಕರು ಲಿಖಿತವಾಗಿ ಆ ಅಧಿಕಾರವನ್ನು ಕೊಡದಿದ್ದರೆ ಎಲ್ಲ ಮಾರ್ಗದರ್ಶಿಗಳೂ ನಮ್ಮವರಷ್ಟು ಗಟ್ಟಿಯಾಗಿ ನಿಲ್ಲುವರೆಂದು ಹೇಳಲಾಗದು.

ಗುಂಪಿನ ವೇಗದ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಹಿಂದೆ ಬೀಳುವವರ ಪರವಾಗಿ ಬರೆಯುವವರು ಕಡಿಮೆ. ಮುಂದಿನವರು ಚುರುಕಾಗಿ ನಡೆದು, ತಿರುವಿನಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಾರೆ. ಕೊನೆಯವರು ಬಂದು ಸೇರಿದೊಡನೆ, ಎಲ್ಲರೂ ಬಂದಾಯಿತಲ್ಲ ಎಂದು ಎದ್ದು ಹೊರಡುತ್ತಾರೆ. ಹೀಗೆ ಹೆಚ್ಚು ವಿಶ್ರಾಂತಿ ಬೇಕಾದವರಿಗೆ ದಿನವಿಡೀ ವಿಶ್ರಾಂತಿಯೇ ಸಿಗುವುದಿಲ್ಲ. ನಮ್ಮ ಗುಂಪಿನಲ್ಲಿ ಮೊದಲ ದಿನ ಆದದ್ದು ಇದೇ. ಎರಡನೆಯ ದಿನ ಮಾರ್ಗದರ್ಶಿ ನನ್ನ ನಾದಿನಿಯನ್ನು ತಮ್ಮ ಬೆನ್ನ ಹಿಂದೆಯೇ, ಸಾಲಿನ ಎರಡನೆಯವಳಾಗಿ ನಡೆಸಿದರು. ಇಡೀ ಸಾಲು ಅವಳ ಹೆಜ್ಜೆಗೆ ಹೊಂದಿಕೊಂಡಿತು, ನಾವು ಹೇಳಿದ ಹೊತ್ತಿಗೇ ತಲುಪಿದೆವು. ಹತ್ತು ಜನರನ್ನು ಮೀರಿದ ಗುಂಪಿಗೆ ಸಾಲಿನ ಕೊನೆಯಲ್ಲಿ ಮತ್ತೊಬ್ಬ ಮಾರ್ಗದರ್ಶಿ ಇರಲೇಬೇಕು ಎಂಬುದು ಈ ಅನುಭವದಿಂದ ನಾನು ಬಂದ ತೀರ್ಮಾನ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಇಂಥ ಪ್ರವಾಸಗಳ ಬಗ್ಗೆ ಲೇಖನ ಪ್ರಕಟಿಸುವಾಗ ದೂರದ ಪಕ್ಕದಲ್ಲೇ ಆಯಾ ದಿನದ ಒಟ್ಟು ಏರು ಎಷ್ಟು ಮೀಟರ್, ಗುಂಪಿಗೆ ಹಿಡಿಯುವ ಹೊತ್ತು ಎಷ್ಟು ಎಂಬುದನ್ನೂ, ಕಡಲ ದಂಡೆಯ ದಿನವಾದರೆ ಉಬ್ಬರದ ವೇಳೆಯನ್ನು ನೋಡಿಕೊಂಡೇ ಹೊರಡಬೇಕೆಂಬ ಎಚ್ಚರಿಕೆಯನ್ನೂ ಅಚ್ಚು ಮಾಡಿಸಿ. ಗುಂಪಿನಲ್ಲಿ ಎಷ್ಟು ಜನ, ಮಾರ್ಗದರ್ಶಿಗಳು ಎಷ್ಟು, ನಡುವೆ ಬಿಟ್ಟು ಬರಲು ದಾರಿ ಎಲ್ಲಿದೆ, ಹಿಂದಿರುಗುವ ತೀರ್ಮಾನ ಯಾರದು ಎಂದು ವ್ಯವಸ್ಥಾಪಕರನ್ನು ಕೇಳಿ ಬರೆಯುವಂತೆ ಲೇಖಕರಿಗೆ ತಿಳಿಸಿ. ನಾಲ್ಕೈದು ಸಾಲುಗಳ ಜಾಗ ಸಾಕು.

ನಾದಿನಿ ಮತ್ತು ನಾನು ಈ ವರ್ಷವೂ ಹೊರಟಿದ್ದೇವೆ. ಇವೇ ಪ್ರಶ್ನೆಗಳನ್ನು ಬರೆದು ಇಬ್ಬರು ವ್ಯವಸ್ಥಾಪಕರಿಗೆ ಕಳುಹಿಸಿದ್ದೆ. ಒಬ್ಬರು ದಿನವಾರು ಏರಿನ ಅಂಕಿ, ಉಬ್ಬರದ ವೇಳಾಪಟ್ಟಿ ಮತ್ತು ಗುಂಪಿನ ಮಿತಿಯನ್ನು ಬರೆದು, ಬೆಟ್ಟವನ್ನು ಮೂರನೆಯ ದಿನಕ್ಕೆ ಇಟ್ಟಿರುವುದಾಗಿ ತಿಳಿಸಿದರು. ಇನ್ನೊಬ್ಬರಿಂದ ಬಂದದ್ದು ಕಿಲೋಮೀಟರ್‌ಗಳ ಪಟ್ಟಿ ಮಾತ್ರ. ನಾವು ಮೊದಲಿನವರಿಗೆ ಹೆಸರು ಕೊಟ್ಟಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಭೂಗೋಳ ಶಿಕ್ಷಕಿ