ಮಗಳಿಗೊಂದು ಪತ್ರ: ಬೋರ್ಡಿನ ಮೇಲಿನ ಹೆಸರುಗಳು

ನನ್ನ ಮುದ್ದು ತಾಯಿ,

ಭಾನುವಾರ ನೀನು ಹಾಸ್ಟೆಲ್ ಫೋನಿನಿಂದ ಮಾತಾಡಿದಾಗ ಹಿಂದೆ ಹುಡುಗಿಯರ ಗದ್ದಲ ಇತ್ತು. ಅರ್ಧ ಮಾತು ಕೇಳಿಸಲೇ ಇಲ್ಲ. ಆದರೆ ಅಳುತ್ತಿದ್ದೀ ಅಂತ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ಶನಿವಾರ ಅಪ್ಪ ಬರುವಾಗ ರೊಟ್ಟಿ, ಶೇಂಗಾ ಹಿಂಡಿ ಜೊತೆ ಇದನ್ನೂ ತರುತ್ತಾರೆ.

ನೀನು ಎಂಟನೇ ಕ್ಲಾಸಿನ ಲೀಡರ್ ಆದೆ ಅಂದಾಗ ನಾನು ಓಣಿಯ ಮನೆಮನೆಗೂ ಹೋಗಿ ಹೇಳಿ ಬಂದಿದ್ದೆ. ಈಗ ಗೆಳತಿಯರು ಮಾತು ಬಿಟ್ಟಿದ್ದಾರೆ, ಚಾಡಿಕೋರಿ ಅನ್ನುತ್ತಾರೆ ಅಂದೆ. ಅಕ್ಕೋರು ಕ್ಲಾಸಿನಲ್ಲಿ ಇಲ್ಲದಾಗ ಗದ್ದಲ ಮಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯಬೇಕು, ಅದು ನಿನಗೆ ಕೊಟ್ಟ ಕೆಲಸ. ನೀನು ಬರೆದೆ. "ಅದರಲ್ಲಿ ನನ್ನ ತಪ್ಪೇನವ್ವಾ?" ಅಂತ ಕೇಳಿದೆ. ಫೋನಿನಲ್ಲಿ ನನಗೆ ಏನೂ ಹೇಳಲು ಆಗಲಿಲ್ಲ. ಯಾಕೆಂದರೆ ನಾನೂ ಒಮ್ಮೆ ಹೀಗೇ ಹೆಸರು ಓದಿದ್ದೇನೆ.

ನೀನು ಆಗ ಸಣ್ಣವಳು. ನಮ್ಮ ಓಣಿಯ ಸ್ತ್ರೀಶಕ್ತಿ ಸಂಘಕ್ಕೆ ನನ್ನನ್ನು ಪ್ರತಿನಿಧಿ ಮಾಡಿದ್ದರು. ಒಬ್ಬಳು ಮೂರು ವಾರ ಸಾಲದ ಕಂತು ಕಟ್ಟಿರಲಿಲ್ಲ. ಎಲ್ಲರೂ ಕುಳಿತಿದ್ದಾಗ ನಾನು ಪುಸ್ತಕ ತೆಗೆದು ಅವಳ ಹೆಸರು, ಬಾಕಿ ಎಲ್ಲ ಗಟ್ಟಿಯಾಗಿ ಓದಿದೆ. ಲೆಕ್ಕ ಅಂದರೆ ಲೆಕ್ಕ ಅನ್ನುವ ಹಟ ನನಗೆ. ಮುಂದಿನ ವಾರ ಅವಳು ಸಭೆಗೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮನೆಗೆ ಹೋಗಿ ನೋಡಿದರೆ ಅತ್ತೆ ಹಾಸಿಗೆ ಹಿಡಿದಿದ್ದರು. ಅವರನ್ನು ಬಿಟ್ಟು ಹತ್ತಿ ಬಿಡಿಸಲು ಹೋಗುವ ಹಾಗಿರಲಿಲ್ಲ. ಕೂಲಿ ಇಲ್ಲ, ಕಂತು ಎಲ್ಲಿಂದ ಕಟ್ಟಬೇಕು? ನಮ್ಮ ಮನೆಯಿಂದ ನಾಲ್ಕನೇ ಮನೆ ಅದು. ದಿನಾ ಅದರ ಮುಂದೆಯೇ ನೀರಿಗೆ ಹೋಗುತ್ತಿದ್ದೆ. ಒಂದು ದಿನವೂ ಯಾಕೆ ಅಂತ ಕೇಳಿರಲಿಲ್ಲ.

ಯಾರ ಮುಂದೆ ಹೆಸರು ಓದಿದ್ದೆನೋ ಅವರ ಮುಂದೆಯೇ ಅವಳ ಹತ್ತಿರ ತಪ್ಪಾಯಿತು ಅಂದೆ. ಸಂಘದವರೆಲ್ಲ ಸೇರಿ ಅವಳಿಗೆ ಮೂರು ತಿಂಗಳು ಸಮಯ ಕೊಟ್ಟೆವು. ಪುಸ್ತಕದಲ್ಲಿ ಅಷ್ಟು ದಿನ ಬಾಕಿ ಇತ್ತು. ಇರಲಿ ಬಿಡು. ಅವಳು ಮತ್ತೆ ಬಂದು ನಮ್ಮ ಜೊತೆ ಕುಳಿತಳಲ್ಲ.

ಡ್ಯಾಮಿನ ಗೇಟು ಹೋದದ್ದು ನೆನಪಿದೆಯಾ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಒಂದೇ ಕಡೆ ಒತ್ತಡ ಬೀಳದಿರಲಿ ಅಂತ ಉಳಿದ ಗೇಟುಗಳನ್ನೂ ಎತ್ತಿ ನೀರನ್ನು ಹೊಳೆಗೆ ಬಿಟ್ಟರು. ಅಪ್ಪ ಊಟ ಮಾಡದೆ ಟಿವಿ ಮುಂದೆ ಕುಳಿತಿದ್ದರು. ಭತ್ತ ನಂಬಿದ ಮನೆ, ಕಣ್ಣ ಮುಂದೆಯೇ ನೀರು ಹೋಗುತ್ತಿತ್ತು. ಆಗ ಬಂದವರು ಕನ್ನಯ್ಯ ನಾಯ್ಡು. ನಿವೃತ್ತಿಯಾಗಿದ್ದ ಗೇಟ್ ತಜ್ಞರು, ವಯಸ್ಸು ಎಪ್ಪತ್ತು ದಾಟಿತ್ತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಅನ್ನುವ ದೊಡ್ಡ ಕಬ್ಬಿಣದ ಹಲಗೆಗಳನ್ನು ಕ್ರೇನಿನಿಂದ ಒಂದರ ಮೇಲೊಂದು ಇಳಿಸಿದರು. ಜೀವ ಕೈಯಲ್ಲಿ ಹಿಡಿದು ಕೆಲಸ ಮಾಡಿದ ಕೂಲಿಯವರು, ವೆಲ್ಡಿಂಗಿನವರು ಎಷ್ಟು ಜನರೋ! ವಾರದೊಳಗೆ ನೀರು ನಿಂತಿತು. ಯಾರ ತಪ್ಪು, ಯಾರ ತಪ್ಪು ಅಂತ ಟಿವಿಯಲ್ಲಿ ದಿನವಿಡೀ ಜಗಳ. ಅತ್ತ ಡ್ಯಾಮಿನ ಮೇಲೆ ನೀರು ನಿಲ್ಲಿಸುವ ಕೆಲಸ ನಡೆದಿತ್ತು. ನನಗೆ ಅವತ್ತು ಅದು ಬಹಳ ನಾಟಿತು. ತಪ್ಪು ಯಾರದು ಅಂತ ಆಮೇಲೂ ಕೇಳಬಹುದು, ಕೇಳಲೂ ಬೇಕು.

ನಾವು ಕಾಲುವೆಯ ಕೊನೆಯವರು ತಾಯಿ. ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ನಮ್ಮ ಮಾನ್ವಿ ಕಡೆ ಬರುತ್ತದೆ. ಮೇಲಿನವರ ಗದ್ದೆ ತುಂಬಿ ನಿಂತಿರುತ್ತದೆ, ಇಲ್ಲಿ ನಮ್ಮ ಸಸಿ ಒಣಗುತ್ತಿರುತ್ತದೆ. ಮೇಲಿನವರು ಕೆಟ್ಟವರಲ್ಲ. ಅವರಿಗೆ ನಾವು ಕಾಣುವುದಿಲ್ಲ, ಅಷ್ಟೇ. ನೀನು ಮಾತ್ರ ಕೊನೆಯವರು ಕಾಣದ ಲೀಡರ್ ಆಗಬೇಡ. ಈ ಊರಲ್ಲಿ ಹುಟ್ಟಿದವಳು ನೀನು.

ನಾಲ್ಕು ಸಲ ಹೆಸರು ಬರೆದೆ ಅಂದೆಯಲ್ಲ, ಕೊನೇ ಬೆಂಚಿನ ಆ ಹುಡುಗಿ, ಅವಳು ಯಾಕೆ ಮಾತಾಡುತ್ತಾಳೆ ಅಂತ ಕೇಳಿದ್ದೀಯಾ? ಇಂಗ್ಲಿಷ್ ಪಾಠ ಅವಳಿಗೆ ತಿಳಿಯುವುದಿಲ್ಲ ಅಂತ ನೀನೇ ಹಿಂದೆ ಹೇಳಿದ್ದೆ. ತಿಳಿಯದವಳು ಪಕ್ಕದವಳನ್ನು ಕೇಳದೆ ಇನ್ಯಾರನ್ನು ಕೇಳಬೇಕು? ಸುಮ್ನೆ ಕಿರುಚುವವರು ಬೇರೆ, ಅವರ ಹೆಸರು ಬರೆ. ಅವರಲ್ಲಿ ನಿನ್ನ ಜೀವದ ಗೆಳತಿ ಇದ್ದರೂ ಬರೆ. ನೀನೇ ಮಾತಾಡಿದ ದಿನ ನಿನ್ನ ಹೆಸರು ಎಲ್ಲಕ್ಕಿಂತ ಮೇಲೆ ಬರೆ. ಆದರೆ ಬರೆಯುವ ಮುಂಚೆ ಒಮ್ಮೆ ಹತ್ತಿರ ಹೋಗಿ ಕೇಳು. ಕೆಲವರ ಸಿಟ್ಟು ಅಷ್ಟಕ್ಕೆ ಇಳಿಯುವುದಿಲ್ಲ. ಗೆಳತಿಯರು ಇಲ್ಲದ ದಿನಗಳು ಕಷ್ಟ, ನನಗೆ ಗೊತ್ತು. ಅತ್ತರೆ ಅಳು, ನನಗೆ ಫೋನ್ ಮಾಡಿ ಅಳು. ಲೀಡರ್ ಕೆಲಸ ಬೇಡ ಅನಿಸಿದರೆ ಅದನ್ನೂ ಹೇಳು, ನಾನು ಬೈಯುವುದಿಲ್ಲ.

ಈ ಸಲ ಡಬ್ಬಿಯಲ್ಲಿ ರೊಟ್ಟಿ ಜಾಸ್ತಿ ಇಟ್ಟಿದ್ದೇನೆ. ಆ ಹುಡುಗಿಗೂ ಕೊಡು. ಅವಳು ಯಾವ ಊರವಳು, ಮನೆಯಲ್ಲಿ ಯಾರ್‍ಯಾರು ಇದ್ದಾರೆ ಅಂತ ಕೇಳಿ ನನಗೆ ಬರೆದು ಅಪ್ಪನ ಕೈಯಲ್ಲಿ ಕಳಿಸು.

ನಿನ್ನ ಅವ್ವ